ಸರದಿಯ ಹಾಲು

ಮಕ್ವಾಲಾಳ ಹಸು ಚ್ರೇಲಾ ಏಳು ತಿಂಗಳಿಗೇ ಕಂದು ಹಾಕಿತು. ಬೆಟ್ಟದ ಮೇಲಿನ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಗಂಡ ಶಾಲ್ವಾ ಸತ್ತ ಕರುವನ್ನು ಬರಿಗೈಯಲ್ಲೇ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಹಿಂದೆ ಹೂತ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಊಟಕ್ಕೆ ಕುಳಿತ. ಯಾರಿಗೂ ಹೇಳುವುದು ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಮನೆಯ ಮಾತು ಹೊಸಿಲು ದಾಟಬಾರದು ಎನ್ನುವ ಜಾಣತನ ಎಲ್ಲ ಊರಿನಲ್ಲೂ ಇದ್ದದ್ದೇ. ಶೂಬಾನಿ ಎಂಬ ಆ ಊರಿನಲ್ಲಿ ಅದು ಸ್ವಲ್ಪ ಹೆಚ್ಚಾಗಿಯೇ ಇತ್ತು.

ಮುಚ್ಚಿಡಲು ಕಾರಣವೂ ಇತ್ತು. ಶೂಬಾನಿಯಲ್ಲಿ ಯಾರ ಮನೆಯಲ್ಲೂ ಒಂದೆರಡಕ್ಕಿಂತ ಹೆಚ್ಚು ಹಸುಗಳಿಲ್ಲ. ಅಷ್ಟು ಹಾಲಿನಲ್ಲಿ ಚಳಿಗಾಲಕ್ಕಾಗುವ ಚೀಸ್ ಮಾಡಲು ಆಗುವುದಿಲ್ಲ. ಅದಕ್ಕೇ ಹೆಂಗಸರು ಸರದಿ ಇಟ್ಟುಕೊಂಡಿದ್ದಾರೆ. ಇವತ್ತು ಎಲ್ಲರ ಮನೆಯ ಹಾಲೂ ಒಬ್ಬಳಿಗೆ, ನಾಳೆ ಇನ್ನೊಬ್ಬಳಿಗೆ. ಸರದಿ ಬಂದವಳು ಅಷ್ಟನ್ನೂ ಒಂದೇ ಹಂಡೆಗೆ ಸುರಿದು, ಹೆಪ್ಪು ಹಾಕಿ, ದಪ್ಪ ಚೀಸ್ ಬಿಲ್ಲೆಗಳನ್ನು ಮಾಡಿ ಉಪ್ಪುನೀರಿಗೆ ಇಳಿಸುತ್ತಾಳೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದು ಕುತೈಸಿ ಪಟ್ಟಣದ ಸಂತೆಗೆ. ಹಸು ಕಂದು ಹಾಕಿದೆ ಎಂದು ಬಾಯಿಬಿಟ್ಟರೆ, ಆ ಹಾಲು ಬೇಡ ಎಂದು ಮಕ್ವಾಲಾಳನ್ನು ಈ ಸರದಿಯಿಂದ ಹೊರಗಿಡುತ್ತಿದ್ದರು. ಚಳಿಗಾಲದಲ್ಲಿ ಮೆಕ್ಕೆಜೋಳದ ರೊಟ್ಟಿಗೆ ಚೀಸ್ ಇಲ್ಲದೆ ಏನು ತಿನ್ನುವುದು ಎಂಬ ಭಯ ಅವಳದು. ಭಯ ಸುಳ್ಳಲ್ಲ. ಆದರೆ ಅದನ್ನು ನೀಗಿಸಿಕೊಳ್ಳಲು ಅವಳು ಹಿಡಿದ ದಾರಿ ಕೆಟ್ಟದ್ದು.

ಹುಲ್ಲು ಚಿಗುರಿ ಸರದಿ ಶುರುವಾಯಿತು. ಮೊದಲ ಸರದಿ ಪಕ್ಕದ ಮನೆಯ ಲಮಾರಾಳದು. ಲಮಾರಾ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು, ನಾಲ್ಕು ಜನಕ್ಕೆ ತಿಳಿಹೇಳುವವಳು. ಅವಳ ಸೊಸೆ ತಮ್ತಾ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಸಿರಾಗಿದ್ದಳು. ಲಮಾರಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸರದಿಯ ಹಿಂದಿನ ಸಂಜೆ ಅವಳು ಮಕ್ವಾಲಾಳ ಜಗಲಿಗೆ ಬಂದು ಹೊಸ ಕಾನೂನಿನ ವಿಷಯ ಹೇಳಿದಳು. ನಮ್ಮ ಹಾಲು, ಚೀಸ್ ಯುರೋಪಿನಲ್ಲಿ ಮಾರಾಟವಾಗಬೇಕಾದರೆ ಅಲ್ಲಿಯ ನಿಯಮಕ್ಕೆ ಹೊಂದಬೇಕು. ಅದಕ್ಕೇ ಸರ್ಕಾರ ಆಹಾರದ ಕಾನೂನುಗಳನ್ನು ತಿದ್ದಿ ಬರೆಯುತ್ತಿದೆ. ಪ್ರತಿ ಹಸುವಿನ ಕಿವಿಗೂ ಹಳದಿ ಬಿಲ್ಲೆ ಹಾಕಬೇಕು, ರಕ್ತ ಪರೀಕ್ಷೆ ಮಾಡಿಸಬೇಕು, ರೋಗವಿಲ್ಲದ ಹಸುವಿನ ಹಾಲನ್ನು ಮಾತ್ರ ಬೆರೆಸಬೇಕು ಎಂದಳು.

ಶಾಲ್ವಾ ವೈನ್ ಲೋಟ ಎತ್ತಿ ನಕ್ಕ. "ಕಟ್ಕೊಂಡ ಹೆಂಡ್ತಿಗೇ ನಾನು ಓಲೆ ಮಾಡ್ಸಿಲ್ಲ. ಯುರೋಪಿನೋರು ನನ್ನ ಹಸೂಗೆ ಓಲೆ ಹಾಕ್ತಾರಂತೆ. ಹಂಗಾದ್ರೆ ಮದ್ವೆನೂ ಅವ್ರೇ ಮಾಡ್ಲಿ ಬಿಡು."

ಲಮಾರಾಳಿಗೂ ನಗು ಬಂತು. ಮಕ್ವಾಲಾ ಮಾತ್ರ ನಗಲಿಲ್ಲ. ಬಟ್ಟಲು ತೊಳೆಯುತ್ತಾ, ಯಾರದೋ ಸುದ್ದಿ ಎಂಬಂತೆ ಕೇಳಿದಳು. "ಅಲ್ವೇ ಲಮಾರಾ, ಯಾವ್ದಾದ್ರೂ ಹಸು ಕಂದು ಹಾಕಿದ್ರೆ?"

"ಅದೇ ರೋಗದ ಮೊದಲ್ನೇ ಗುರುತು ಅಕ್ಕ. ಕಂದು ರೋಗ ಮನುಷ್ಯರಿಗೂ ಬರುತ್ತೆ. ಸತ್ತ ಕರು ಮುಟ್ಟಿದ್ರೆ ಬರುತ್ತೆ, ಹಸಿ ಹಾಲಲ್ಲಿ ಬರುತ್ತೆ, ಹಸಿ ಹಾಲಿನ ಹೊಸ ಚೀಸಲ್ಲೂ ಬರುತ್ತೆ. ಯಾಕೆ, ಯಾರ್ದಾದ್ರೂ ಹಾಕ್ತಾ?"

"ಇಲ್ಲ ಕಣೇ, ಸುಮ್ನೆ ಕೇಳ್ದೆ."

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ಮಕ್ವಾಲಾ ಹೇಳಲಿಲ್ಲ. ಕಂದು ಹಾಕಿದರೂ ಚ್ರೇಲಾಗೆ ಹಾಲು ಇಳಿದಿತ್ತು. ಮರುದಿನ ಅದರ ಹಾಲು ಕರೆದು, ಎಲ್ಲರ ಜೊತೆ ಹೋಗಿ, ಲಮಾರಾಳ ಹಂಡೆಗೆ ಹಾಲು ಸುರಿದು ಬಂದಳು.

ಇಷ್ಟೆಲ್ಲ ತಿಳಿದ ಲಮಾರಾ ತನ್ನ ಮನೆಯ ಚೀಸಿಗೆ ಹಾಲು ಕಾಯಿಸಿದಳೇ ಎಂದರೆ, ಅದೂ ಇಲ್ಲ. ಕಾನೂನು ಇರುವುದು ಮಾರುವ ಚೀಸಿಗೆ, ಮನೆಯ ಚೀಸಿಗೇಕೆ ಎಂದು ಅವಳೂ ಅಂದುಕೊಂಡಿದ್ದಳು. ಅಕ್ಕಪಕ್ಕದವರ ಹಾಲು, ಜೊತೆಗೆ ಉಂಡವರ ಹಾಲು ಎಂಬ ನಂಬಿಕೆ. ಸಂಜೆ ಮಕ್ವಾಲಾ ಬಕೆಟ್ಟು ತರಲು ಹೋದಾಗ ತಮ್ತಾ ಒಲೆಯ ಪಕ್ಕ ಕುಳಿತು, ಆಗತಾನೇ ಹಿಂಡಿ ತೆಗೆದ ಚೀಸನ್ನು ಕೈಯಲ್ಲೇ ಮುರಿದು ತಿನ್ನುತ್ತಿದ್ದಳು. ಬಸುರಿಯ ಬಯಕೆ ಎಂದು ಅತ್ತೆ ಇನ್ನೊಂದು ತುಂಡು ಕೊಟ್ಟಳು. ತಮ್ತಾ ನಾಚಿಕೊಂಡು ಮಕ್ವಾಲಾಳಿಗೂ ಒಂದು ಚೂರು ನೀಡಿದಳು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಮಕ್ವಾಲಾ ಮನೆಗೆ ಬಂದಳು.

ಕೆಲವು ವಾರಗಳಲ್ಲಿ ತಮ್ತಾಗೆ ಜ್ವರ ಶುರುವಾಯಿತು. ಬರುವುದು, ಬಿಡುವುದು, ಮತ್ತೆ ಬರುವುದು. ಬೆವರಿಗೆ ಹಾಸಿಗೆ ತೊಯ್ಯುತ್ತಿತ್ತು. ಕೀಲು ನೋವಿಗೆ ಏಳಲು ಆಗುತ್ತಿರಲಿಲ್ಲ. ಹುಲ್ಲು ಕೊಯ್ಯುವ ಕಾಲಕ್ಕೆ ಗರ್ಭ ಇಳಿದುಹೋಯಿತು. ಕುತೈಸಿಯ ಆಸ್ಪತ್ರೆಯಲ್ಲಿ ರಕ್ತ ನೋಡಿ, ಇದು ಕಂದು ರೋಗ, ಹಸುವಿನಿಂದ ಬಂದದ್ದು, ಮಗು ಹೋದದ್ದೂ ಇದರಿಂದಲೇ ಇರಬೇಕು ಎಂದರು.

ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೇ? ಯಾರ ಹಸು ಎಂಬ ಪ್ರಶ್ನೆ ಎದ್ದಿತು. ಬೆರಳು ಹೋದದ್ದು ವಿಧವೆ ಗುಲೀಕೋಳ ಕಡೆಗೆ. ಅವಳ ಹಸು ಬಡಕಲು, ಅವಳ ಪರವಾಗಿ ಮಾತಾಡುವವರೂ ಇರಲಿಲ್ಲ. ನೋಡಿದವರಿಲ್ಲ, ಕೇಳಿದವರಿಲ್ಲ, ತೀರ್ಪು ಮಾತ್ರ ಆಗಿಹೋಯಿತು. ಒಂದು ದಿನ ಹೆಂಗಸರು ಅವಳ ಬಕೆಟ್ಟನ್ನು ಹಂಡೆಯ ಹತ್ತಿರ ಬಿಡಲಿಲ್ಲ. ಗುಲೀಕೋ ಹಾಲನ್ನು ಚರಂಡಿಗೆ ಚೆಲ್ಲಿ ಹೋದಳು. ಮಕ್ವಾಲಾ ಅಲ್ಲೇ ನಿಂತಿದ್ದಳು, ಅವಳ ಹಾಲು ಆಗಲೇ ಹಂಡೆಯೊಳಗಿತ್ತು.

ಅವಳು ಮನೆಗೆ ಬಂದಾಗ ಶಾಲ್ವಾ ಬಿಸಿಲಿನಲ್ಲೇ ಕಂಬಳಿ ಹೊದ್ದು ನಡುಗುತ್ತಿದ್ದ. ಹುಲ್ಲು ಕೊಯ್ದ ಆಯಾಸ ಎಂದು ತಿಂಗಳಿಂದ ಹೇಳಿಕೊಂಡೇ ಬಂದಿದ್ದ. ಮಕ್ವಾಲಾ ಅವನ ಮುಂದೆ ಕುಳಿತು, "ಇದು ಹುಲ್ಲಿಂದಲ್ಲ, ಆ ಕರೂದು. ನಾನು ಹೋಗಿ ಹೇಳ್ಬಿಡ್ತೀನಿ" ಎಂದಳು. ಹಸುವನ್ನು ಹೊಡೆದುಕೊಂಡು ಹೋಗಿ ಕಡಿಯುತ್ತಾರೆ ಎಂದು ಶಾಲ್ವಾ ತಡೆಯಬಹುದೆಂದು ಅವಳು ಅಂಜಿದ್ದಳು. ಅವನು ತಡೆಯಲಿಲ್ಲ.

ಲಮಾರಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಒಳಗೆ ಕರೆಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಅವಳು ತಿಂತಿದ್ದಾಗ ನೀನು ಅಲ್ಲೇ ಇದ್ಯಲ್ಲಾ ಅಕ್ಕ?"

"ಇದ್ದೆ."

"ನಾನೂ ಕಾಯಿಸ್ಬೇಕಿತ್ತು," ಎಂದಳು ಲಮಾರಾ. "ಊರಿಗೆಲ್ಲ ಹೇಳೋಳು ನಾನು, ನಮ್ಮನೇಲಿ ಕಾಯಿಸ್ಲಿಲ್ಲ. ಆದ್ರೆ ನೀನು ಒಂದು ಮಾತು ಹೇಳಿದ್ರೆ ಸಾಕಿತ್ತು. ಹೋಗು, ಮೊದ್ಲು ಗುಲೀಕೋಗೆ ಹೇಳು."

ಮಕ್ವಾಲಾ ಗುಲೀಕೋಳಿಗೆ ಹೇಳಿದಳು, ಆಮೇಲೆ ಎಲ್ಲರಿಗೂ ಹೇಳಿದಳು. ಪಶುವೈದ್ಯರು ಬಂದು ಊರಿನ ಹಸುಗಳ ರಕ್ತ ತೆಗೆದರು. ಗುಲೀಕೋಳ ಬಡಕಲು ಹಸುವಿಗೆ ಏನೂ ಇರಲಿಲ್ಲ. ರೋಗವಿದ್ದದ್ದು ಚ್ರೇಲಾಗೆ. ಲಾರಿಗೆ ಹತ್ತಿಸುವಾಗ ಅದು ಮಕ್ವಾಲಾಳ ಲಂಗದ ಅಂಚು ಮೂಸಿತು, ಅವಳು ಕೊಟ್ಟಿಗೆಯೊಳಗೆ ಹೋಗಿ ಅತ್ತಳು. ಶಾಲ್ವಾ ಇನ್ನೂ ಮಾತ್ರೆ ನುಂಗುತ್ತಿದ್ದಾನೆ. ಹಳದಿ ಬಿಲ್ಲೆಯ ಮೇಲೆ ಅವನೀಗ ತಮಾಷೆ ಮಾಡುವುದಿಲ್ಲ. ಮುಂದೆ ಹಸು ಕೊಂಡರೆ ಬಿಲ್ಲೆ ಇರುವುದನ್ನೇ ಕೊಳ್ಳುವುದು ಎಂದು ಅವನೇ ಹೇಳಿದ್ದಾನೆ. ಊರಿನಲ್ಲಿ ಸರದಿ ನಡೆಯುತ್ತಿದೆ. ಪರೀಕ್ಷೆಯಾದ ಹಸುವಿನ ಹಾಲು ಮಾತ್ರ ಹಂಡೆಗೆ ಬೀಳುತ್ತದೆ, ಅದನ್ನೂ ಕಾಯಿಸಿಯೇ ಹೆಪ್ಪು ಹಾಕುತ್ತಾರೆ. ತಮ್ತಾ ಎದ್ದು ಓಡಾಡುತ್ತಾಳೆ, ಆದರೆ ಮಕ್ವಾಲಾ ಎದುರಾದರೆ ದಾರಿ ಬದಲಿಸುತ್ತಾಳೆ. ತಮ್ತಾಳದು ತಪ್ಪು ಎನ್ನಲು ಯಾರಿಗೂ ಬಾಯಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈ ಕಾನೂನು ದೂರದ ದೇಶದವರ ಚಪಲಕ್ಕೆ ಬಂದದ್ದು ಎಂದು ನಿಮಗೂ ಅನಿಸಬಹುದು. ಬಂದದ್ದು ಅಲ್ಲಿಂದಲೇ ಇರಲಿ, ಅದು ಮೊದಲು ಕಾಯುವುದು ನಿಮ್ಮ ಒಲೆಯ ಮುಂದೆ ಕುಳಿತವರನ್ನು. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಕದ್ದು ಹೂಳಬೇಡಿ, ಪಶುವೈದ್ಯರನ್ನು ಕರೆಯಿರಿ. ಜ್ವರ ಬಂದು ಬಿಟ್ಟು ಬರುತ್ತಿದ್ದರೆ ಆಯಾಸ ಎಂದು ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಮನೆಯ ಚೀಸೇ ಆಗಲಿ, ಹಾಲು ಕಾಯಿಸಿ. ನೆರೆಯವರು ಹೊರಗಿಡುತ್ತಾರೆ ಎಂಬ ಅಂಜಿಕೆ ಇದ್ದದ್ದೇ. ಅಂಜುತ್ತಲೇ ಹೇಳಿ, ಆದರೆ ಹಾಲು ಸುರಿಯುವ ಮೊದಲೇ ಹೇಳಿ.