ಅಮ್ಮ ಹುಟ್ಟಿದ ಘಳಿಗೆ

ಬೀಶಿಯಾಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೊ. ಕಡಲೆಕಾಯಿ ಪಾಯಸದ ಬಟ್ಟಲು ಹಿಡಿದು ಅಮ್ಮ ಬಾಯ್ತುಂಬ ನಕ್ಕದ್ದು, ಲಕ್ವ ಹೊಡೆಯುವ ಮುಂಚಿನದು. ನಾಲ್ಕು ಗಂಟೆಯೊಳಗೆ ಕಟ್ಟು ಹಾಕುವ ಫೋಟೊದವನಿಗೆ ಕಳಿಸಿದರೆ ಶವಪೆಟ್ಟಿಗೆಯ ಮುಂದೆ ಅದು ನಿಲ್ಲುತ್ತದೆ. ಇಲ್ಲದಿದ್ದರೆ ಗುರುತಿನ ಚೀಟಿಯ ಸೊಟ್ಟ ಬಾಯಿಯೇ ಗತಿ.

ಫೋಟೊ ಇದ್ದದ್ದು ಮೂರನೇ ಮಹಡಿಯಲ್ಲಿ, ಅಣ್ಣ ಛಿಂಗ್‌ಯುವಾನನ ಕಂಪ್ಯೂಟರಿನಲ್ಲಿ. ಹಿಂದೊಮ್ಮೆ ಅವಳೇ ಅಲ್ಲಿ ತುಂಬಿಸಿಟ್ಟಿದ್ದಳು. ಮದುವೆಯಾಗಿ ಹೋದವಳು ಮಹಡಿ ಹತ್ತಕೂಡದೆಂದು ಎರಡು ವರ್ಷದ ಹಿಂದೆ ಅಪ್ಪಣೆ ಮಾಡಿದ ಮಹಾನುಭಾವ ಅವನು. ಪುಣ್ಯಕ್ಕೆ ಮನೆಯ ಕಂಪ್ಯೂಟರುಗಳೆಲ್ಲ ಒಂದೇ ನೆಟ್‌ವರ್ಕಿನಲ್ಲಿದ್ದವು. ನಡುಮನೆಯಲ್ಲಿ ಅಮ್ಮನ ಲ್ಯಾಪ್‌ಟಾಪ್ ತೆರೆದರೆ ಮೇಲಿನ ಫೋಲ್ಡರ್ ಕಾಣುತ್ತಿತ್ತು. ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು.

"ಅಣ್ಣ, ಪಾಸ್‌ವರ್ಡ್ ಏನು?"

ಅವನು ಮೆಟ್ಟಿಲ ಬಳಿ ಕೂತು ಏನೋ ಬರೆಯುತ್ತಿದ್ದ. ತಲೆ ಎತ್ತಲಿಲ್ಲ. "ಹೆಸರು ನಂದೇ ಹಾಕು. ಪಾಸ್‌ವರ್ಡ್ ಅಮ್ಮ ಹುಟ್ಟಿದ ದಿನ. ಅಷ್ಟೂ ಗೊತ್ತಿಲ್ವೇನೇ?"

ಬೀಶಿಯಾ ಒತ್ತಿದಳು. ತಪ್ಪು ಎಂದಿತು.

"ಏನು ಹಾಕ್ದೆ? ಜೋರಾಗಿ ಹೇಳು."

"ಚೀಟಿಲಿರೋದು. ಮೂವತ್ತೆರಡನೇ ಇಸವಿ, ಎಂಟನೇ ತಿಂಗಳು, ಎರಡು."

"ಅದು ಅಜ್ಜ ಕಚೇರಿಗೆ ಹೋಗಿ ಬರೆಸಿದ ದಿನ ಕಣೇ. ಹುಟ್ಟಿದ್ದೂ ಅವತ್ತೇನಾ?"

ಲುಗಾಂಗ್ ಊರಿನ ಹಳಬರಿಗೆಲ್ಲ ಹುಟ್ಟುಹಬ್ಬ ಎರಡಿರುತ್ತವೆ, ಸರ್ಕಾರದ್ದೊಂದು, ಚಂದ್ರನ ಪಂಚಾಂಗದ್ದೊಂದು. ಬೀಶಿಯಾ ಚಂದ್ರನದನ್ನು ಹೊಡೆದಳು. ಆರನೇ ತಿಂಗಳು, ಹದಿನಾಲ್ಕು. ಅದನ್ನೂ ಕೂಗಿ ಹೇಳಿದಳು. ಸರ್ಕಾರಿ ಲೆಕ್ಕದ ಮೂವತ್ತೆರಡನೇ ಇಸವಿಯನ್ನು ಹೊರಗಿನವರ ಲೆಕ್ಕಕ್ಕೆ ತಿರುಗಿಸಿ ಸಾವಿರದ ಒಂಬೈನೂರ ನಲವತ್ತಮೂರು ಮಾಡಿದಳು. ಯಂತ್ರ ಜಪ್ಪಯ್ಯ ಅನ್ನಲಿಲ್ಲ. ಗಂಟೆ ಮೂರೂವರೆಯಾಯಿತು.

"ಮೇಲೆ ಹೋಗಿ ತಗೊಂಡ್ ಬರ್ತೀನಿ ಬಿಡಣ್ಣ."

"ನಿನ್ನತ್ತಿಗೆ ಮಲಗಿದಾಳೆ. ಘಳಿಗೇನೂ ಸೇರಿಸಿದ್ದೆ ಕಣೇ. ಗೊತ್ತಿದ್ರೆ ಹಾಕು. ಇಲ್ದಿದ್ರೆ ಅಮ್ಮನ ಮುದ್ದಿನ ಮಗಳು ಅಂತ ಎದೆ ಬಡ್ಕೊಂಡು ಅಳೋದು ನಿಲ್ಸು."

ಆ ಘಳಿಗೆಯನ್ನು ಅಮ್ಮ ಹೇಳಿದ್ದು ತನಗೊಬ್ಬಳಿಗೇ ಎಂದು ಬೀಶಿಯಾ ಇಷ್ಟು ವರ್ಷ ನಂಬಿದ್ದಳು. ಮದುವೆಯ ದಿನ ತಲೆ ಬಾಚುತ್ತ ಕಿವಿಯಲ್ಲಿ ಹೇಳಿದ್ದು: ಹುಲಿಯ ಜಾವದಲ್ಲಿ ಹುಟ್ಟಿದವಳು ನಾನು, ಅಂಥವಳು ಕಾಲಿಟ್ಟ ಮನೆಗೆ ಕೇಡು ಅಂತಾರೆ, ನಿಮ್ಮಜ್ಜಿಗೆ ಗೊತ್ತಾಗಿದ್ದರೆ ಈ ಮನೆಗೆ ಸೇರಿಸುತ್ತಿರಲಿಲ್ಲ. ಅಮ್ಮ ಇವನಿಗೂ ಹೇಳಿದ್ದಳೇ?

"ಹುಲಿ ಜಾವ," ಎಂದು ಕೂಗಿದಳು. "ಬೆಳಗಿನ ಜಾವ ಮೂರೂವರೆ."

"ಹಾಕು ಹಾಕು."

ಹಾಕಿದಳು. ತಪ್ಪು. ತಿರುಗಿ ನೋಡಿದರೆ ಅಣ್ಣ ಕಾಗದ ಮಡಿಸಿಕೊಂಡು ಹೊರಗೆ ಚಪ್ಪರದಲ್ಲಿದ್ದ ಪುರೋಹಿತನ ಹತ್ತಿರ ಹೋಗುತ್ತಿದ್ದ.

ಅವಳು ಅಪ್ಪಣೆ ಮುರಿದು ಮೂರು ಮಹಡಿ ಓಡಿ ಹತ್ತಿದಳು. ಅತ್ತಿಗೆ ಮೇಯ್‌ಝು ಮಲಗಿರಲಿಲ್ಲ, ಬಟ್ಟೆ ಮಡಿಸುತ್ತಿದ್ದಳು.

"ಪಾಸ್‌ವರ್ಡಾ? ಇದಕ್ಕೆ ಯಾವತ್ತೂ ಪಾಸ್‌ವರ್ಡೇ ಇಲ್ವಲ್ಲಮ್ಮ. ಪಾಸ್‌ವರ್ಡ್ ಇಲ್ದೇ ಇರೋದಕ್ಕೆ ಬೇರೆ ಕಂಪ್ಯೂಟರಿಂದ ಹೋಗಕ್ಕಾಗಲ್ವಂತೆ, ಅದಕ್ಕೇ ಕೆಳಗಿಂದ ಏನು ಹೊಡೆದ್ರೂ ಬಿಡಲ್ಲ, ಖಾಲಿ ಬಿಟ್ರೂ ಬಿಡಲ್ಲ. ನಂಗೂ ಹಿಂಗೇ ಆಗಿತ್ತು, ನಿಮ್ಮಣ್ಣನೇ ಹೇಳಿದ್ರು."

ಗುಂಡಿ ಒತ್ತಿದೊಡನೆ ಪರದೆ ತೆರೆದುಕೊಂಡಿತು. ಅಮ್ಮ ಬಟ್ಟಲು ಹಿಡಿದು ನಗುತ್ತಿದ್ದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬೀಶಿಯಾ ಕಳಿಸಿ, ಫೋಟೊದವನಿಗೆ ಫೋನು ಮಾಡಿದಳು.

"ನಿಮ್ಮಣ್ಣ ಬೆಳಿಗ್ಗೆನೇ ಚೀಟಿ ಫೋಟೊ ಕೊಟ್ರಲ್ಲಮ್ಮ. ಕಟ್ಟು ಹಾಕಿ ಕಳಿಸಿಯೂ ಆಯ್ತು," ಎಂದ ಅವನು.

ಕೆಳಗೆ ಬಂದಾಗ ಸೋದರಮಾವ ಬಂದಿದ್ದ. ತಾಯಿ ಸತ್ತರೆ ಮಕ್ಕಳನ್ನು ತೂಗಿ ನೋಡುವವನು ಸೋದರಮಾವನೇ. ಅವನು ಹೂಂ ಅನ್ನುವ ತನಕ ಪೆಟ್ಟಿಗೆಗೆ ಮೊಳೆ ಹೊಡೆಯುವಂತಿಲ್ಲ. ಛಿಂಗ್‌ಯುವಾನ್ ಅವನ ಕಾಲಬುಡದಲ್ಲಿ ಮಂಡಿಯೂರಿದ್ದ. ಶಾಸ್ತ್ರಕ್ಕೆ ಸತ್ತವಳು ಹುಟ್ಟಿದ ದಿನ, ಘಳಿಗೆಯನ್ನು ಮಗನೇ ಬರೆದುಕೊಡಬೇಕು. ಪುರೋಹಿತ ಅವನು ಕೊಟ್ಟ ಮಡಿಸಿದ ಕಾಗದ ಬಿಚ್ಚಿ ಓದಿದ: ಮೂವತ್ತೆರಡನೇ ಇಸವಿ, ಆರನೇ ತಿಂಗಳು, ಹದಿನಾಲ್ಕು, ಹುಲಿಯ ಜಾವ.

ಮುದುಕನ ಕಣ್ಣು ತುಂಬಿತು. "ಒಡಹುಟ್ಟಿದವನು, ನಂಗೇ ಗೊತ್ತಿರ್ಲಿಲ್ಲ ಘಳಿಗೆ. ಮಗ ಅಂದ್ರೆ ಹಿಂಗಿರ್ಬೇಕು! ಕೊಟ್ಟ ಹೆಣ್ಣಿಗೆ ಇದೆಲ್ಲ ಎಲ್ಲಿ ನೆನಪಿರತ್ತೆ?" ಎಂದು ಸೋದರಳಿಯನ ತಲೆ ಸವರಿದ.

ಬೀಶಿಯಾ ಬಾಯಿ ತೆರೆದಳು. ಅಮ್ಮ ಜೀವಮಾನವಿಡೀ ಬಚ್ಚಿಟ್ಟದ್ದನ್ನು ಬೀದಿಗೆಲ್ಲ ಕೇಳುವಂತೆ ಕೂಗಿದವಳು ತಾನೇ. ಯಾರ ಮೇಲೆ ದೂರು ಹೇಳುವುದು?

ಅಣ್ಣ ಎದ್ದು ಬಂದು ಅವಳ ಕೈಗೆ ಊದುಕಡ್ಡಿ ಕೊಟ್ಟ.

"ಫೋಲ್ಡರ್ ತೆರೀತೇನೇ?" ಎಂದು ಮೆಲ್ಲಗೆ ಕೇಳಿದ.

ಅವಳು ಸೊಟ್ಟ ಬಾಯಿಯ ಫೋಟೊಗೆ ಮೂರು ಸಲ ಬಗ್ಗಿದಳು.