ಸಮುದ್ರದ ಕಡೆ ಮುಖ ಮಾಡಿದ ಪರದೆ

ಬೂನ್-ತೆಕ್ ತೋರಿಸುವ ಸಿನಿಮಾಕ್ಕೆ ಟಿಕೆಟ್ ಕೊಂಡವರು ಯಾರೂ ಇಲ್ಲ. ಅವನ ಪ್ರೇಕ್ಷಕರೆಲ್ಲ ಸತ್ತವರು. ಏಳನೆಯ ತಿಂಗಳ ಹುಣ್ಣಿಮೆಗೆ, ಹಸಿದು ಅಲೆಯುವವರಿಗೆ ಊರೆಲ್ಲ ಎಡೆ ಇಡುವ ದಿನ, ಬಂದರಿನ ಕಟ್ಟೆಯ ಅಂಚಿನಲ್ಲಿ ತೆಳು ಬಿಳಿ ಬಟ್ಟೆಯ ಪರದೆ ಏಳುತ್ತಿತ್ತು. ಪರದೆಯ ಮುಖ ಸಮುದ್ರಕ್ಕೆ, ಬೆನ್ನು ಊರಿಗೆ. ಅವನ ಲಾರಿ ಊರಿನ ಕಡೆ ನಿಂತು ಹಿಂದಿನಿಂದ ಬೆಳಕು ಬಿಡುತ್ತಿತ್ತು. ಪರದೆಗೂ ನೀರಿಗೂ ನಡುವೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಈ ಬಂದರಿನಿಂದ ಹೋಗಿ ಮರಳಿ ಬಾರದವರಿಗೆ ತಲೆಗೊಂದು. ಬದುಕಿರುವವರು ಲಾರಿಯ ಪಕ್ಕ ನಿಂತು ಅದೇ ಚಿತ್ರವನ್ನು ತಿರುಗುಮುರುಗಾಗಿ ನೋಡಬೇಕು. ನಾಯಕ ಎಡಗೈಯಲ್ಲೇ ಕತ್ತಿ ಬೀಸುತ್ತಾನೆ, ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತವೆ. ಯಾರೂ ಗೊಣಗುವುದಿಲ್ಲ. ಸಿನಿಮಾ ಅವರದಲ್ಲವಲ್ಲ.

ಈ ವರ್ಷ ಹಳೆಯ ಪ್ರೊಜೆಕ್ಟರ್ ಕೈಕೊಟ್ಟಿತ್ತು. ಗುಡಿಯ ಸಮಿತಿ ಹೊಸದು ಕೊಡಿಸಲು ಒಪ್ಪಿದ್ದರಿಂದ ತೈಪೆಯ ಕಂಪನಿಯವನು ಎರಡು ಯಂತ್ರ ತಂದು ಅಂಗಳದಲ್ಲಿ ಇಳಿಸಿದ್ದ. ಚಿಕ್ಕದರ ಬೆಳಕಿನ ಅಳತೆ ಹತ್ತು ಸಾವಿರ ಲ್ಯೂಮೆನ್ಸ್. ದೊಡ್ಡದು ಮೂವತ್ತು ಸಾವಿರದ ಲೇಸರ್. ಹೊರಲು ನಾಲ್ಕು ಆಳು ಬೇಕು, ಕ್ರೀಡಾಂಗಣಗಳಿಗೆ ಮಾಡಿದ್ದು.

"ಪಕ್ಕದ ಬಂದರಿನವ್ರದ್ದು ಇಪ್ಪತ್ತು ಸಾವಿರದ್ದಂತೆ," ಎಂದ ಸಮಿತಿಯ ಅಧ್ಯಕ್ಷ ಕಾಂಗ್, ಹೊಟ್ಟೆ ಸವರಿಕೊಳ್ಳುತ್ತ. "ನಮ್ಮೂರ ದೆವ್ವಗಳೇನು ಬಿಟ್ಟಿ ಬಿದ್ದಿದಾವಾ?"

"ಬಾಯಿಗೆ ಬೆಂಕಿ ಬೀಳ!" ಕುರ್ಚಿಗಳ ಲೆಕ್ಕ ನೋಡಿಕೊಳ್ಳುವ ಮೊಯ್ ಅಜ್ಜಿ ಗದರಿದಳು. ಅವಳ ಗಂಡನದೂ ಒಂದು ಕುರ್ಚಿ ಆ ಸಾಲಿನಲ್ಲಿತ್ತು. "ಈ ತಿಂಗಳಲ್ಲಿ ಆ ಹೆಸರು ಎತ್ತಬೇಡ ಕಣೋ. ಒಳ್ಳೇ ಅಣ್ತಮ್ಮಂದಿರು ಅನ್ನು. ಅವ್ರು ಕತ್ತಲಲ್ಲಿರೋರು, ಅಷ್ಟೊಂದು ಬೆಳಕು ಯಾಕೆ?"

ಬೂನ್-ತೆಕ್‌ನ ಕಣ್ಣು ದೊಡ್ಡದರ ಮೇಲಿತ್ತು. ಆ ಆಸೆ ಇದ್ದದ್ದು ಸತ್ತವರಿಗಾಗಿ ಅಲ್ಲ, ಮಗನಿಗಾಗಿ. ಹೆಂಡತಿ ತೀರಿದ ಮೇಲೆ ಒಬ್ಬನೇ ಸಾಕಿದ ಮಗ ಖಿಮ್ ಈಗ ಬಂಗಡೆ ಹಿಡಿಯುವ ದೋಣಿಯಲ್ಲಿದ್ದ. ಪ್ರತಿ ಸಲ ಬಂದಾಗಲೂ ಅವನದು ಒಂದೇ ಚೇಷ್ಟೆ: "ಅಪ್ಪಾ, ಸಮುದ್ರದಿಂದ ನೋಡಿದ್ರೆ ನಿನ್ನ ಪರದೆ ಮಾಸಿದ ಬನೀನಿನ ಹಾಗಿರುತ್ತೆ. ಪಾಪ, ಅವ್ರು ಸುಮ್ನೆ ಮರ್ಯಾದೆಗೆ ಕೂತಿರ್ತಾರೆ." ಬೆಳಿಗ್ಗೆ ಫೋನಿನಲ್ಲೂ ಅದೇ. ಹುಣ್ಣಿಮೆಯ ಸಂಜೆಗೇ ದೋಣಿ ಮರಳುತ್ತದೆ ಎಂದ. ಜೊತೆಯಲ್ಲಿ ದುಡಿಯುವ ಜಾವಾದ ಹುಡುಗ ವಾರ್ಸಿತೋ ಪಕ್ಕದಿಂದಲೇ ಕೂಗಿದ್ದ: "ಅಪ್ಪಾಜೀ, ಹೊಡೆದಾಟದ ಸಿನಿಮಾ ಹಾಕಿ! ಹಂದಿ ಹಾಕದ ಶ್ಯಾವಿಗೆ ಇಟ್ಟಿರಿ!" ಹೋದ ಸಲ ಬಂದಾಗ ಅವನು ಮೂರು ಬಟ್ಟಲು ಕಪ್ಪೆಚಿಪ್ಪಿನ ಶ್ಯಾವಿಗೆ ಮುಗಿಸಿ, ಅಡುಗೆಮನೆಯ ನಲ್ಲಿಯನ್ನೂ ರಿಪೇರಿ ಮಾಡಿಟ್ಟು ಹೋಗಿದ್ದ.

ಮನುಷ್ಯರ ಜಗಳ ಹರಿಯದಾಗ ಗುಡಿಯ ದೇವಿಯನ್ನು ಕೇಳುವುದು ವಾಡಿಕೆ. ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ಬೂನ್-ತೆಕ್‌ನ ಕೈಗಿತ್ತರು. ಒಂದು ಬೋರಲು ಒಂದು ಅಂಗಾತ ಬಿದ್ದರೆ ಹೌದು. ಎರಡೂ ಬೋರಲಾದರೆ ಅಲ್ಲ. ಎರಡೂ ಅಂಗಾತವಾದರೆ ದೇವಿ ನಗುತ್ತಿದ್ದಾಳೆ ಎಂದರ್ಥ.

"ದೊಡ್ಡದನ್ನು ತರೋಣವೇ, ತಾಯಿ?" ಎಂದು ಎಸೆದ. ಎರಡೂ ಅಂಗಾತ.

"ನಕ್ಕಳು! ಖುಷಿಯಾಗಿದೆ," ಎಂದ ಕಾಂಗ್.

"ನಗೋದು ಅಂದ್ರೆ ಖುಷಿ ಅಂತ ಯಾರು ಹೇಳಿದ್ರು ನಿಂಗೆ?" ಎಂದಳು ಅಜ್ಜಿ.

ಬೂನ್-ತೆಕ್ ತುಂಡುಗಳನ್ನು ಎತ್ತಿಕೊಂಡು ಪ್ರಶ್ನೆಯನ್ನೇ ಬದಲಿಸಿದ. "ಇದನ್ನು ತಂದರೆ ಸಮುದ್ರದಲ್ಲಿರುವವರಿಗೆ ಚೆನ್ನಾಗಿ ಕಾಣುತ್ತದೆಯೇ?" ಹೌದು. ಮತ್ತೆ ಎಸೆದ. ಹೌದು. ಮೂರನೆಯ ಸಲವೂ ಹೌದು. ಕಂಪನಿಯವನು ಚಪ್ಪಾಳೆ ತಟ್ಟಿದ.

ಹುಣ್ಣಿಮೆಯ ದಿನ ಹೊತ್ತು ಇಳಿಯುವಾಗ ಬೂನ್-ತೆಕ್ ಯಂತ್ರ ಹಚ್ಚಿಟ್ಟು, ಪರದೆಯ ಆಚೆ ಹೋಗಿ, ಮೂಲೆಯಲ್ಲಿದ್ದ ಒಂದು ಕುರ್ಚಿ ಎಳೆದು ಸಾಲಿನ ತುದಿಗೆ ಹಾಕಿ ಕೂತ. ತೆಳು ಬಟ್ಟೆಯನ್ನು ತೂರಿ ಬೆಳಕು ನೇರ ಕಣ್ಣಿಗೆ ಹೊಡೆಯಿತು. ಚಿತ್ರದ ನಟ್ಟನಡುವೆ ಲೆನ್ಸೇ ಬಿಳಿ ಗುಂಡಾಗಿ ಉರಿಯುತ್ತಿತ್ತು. ಮುಖ ತಿರುಗಿಸಿ ಬಂದರಿನ ಬಾಯಿಯ ಕಡೆ ನೋಡಿದ. ಅಲ್ಲಿ ದೋಣಿಗಳಿಗೆ ದಾರಿ ತೋರುವ ಹಸಿರು, ಕೆಂಪು ದೀಪಗಳಿರಬೇಕಿತ್ತು. ಕಣ್ಣಲ್ಲಿ ಆ ಬಿಳಿ ಗುಂಡು ಬಿಟ್ಟರೆ ಬೇರೇನೂ ಇರಲಿಲ್ಲ.

ದಪ್ಪ ಬಟ್ಟೆ ಬೇಕಿತ್ತು. ಅಥವಾ ಚಿಕ್ಕ ಯಂತ್ರ. ಅವನಿಗೆ ಅದು ಆಗಲೇ ಗೊತ್ತಾಯಿತು. ಆದರೆ ಎಡೆ ಇಟ್ಟಾಗಿತ್ತು, ಊದುಬತ್ತಿ ಹಚ್ಚಿಯಾಗಿತ್ತು. 'ಇಷ್ಟು ದೂರದಿಂದಲೂ ಕಂಡಿತಪ್ಪಾ' ಎಂದು ಖಿಮ್ ಹಲ್ಲು ಕಿರಿಯುವುದು ಕಣ್ಣೆದುರು ಬಂತು. ಕಣ್ಣೊರೆಸಿಕೊಂಡು ಎದ್ದ.

ಕುರ್ಚಿ ಎತ್ತಲು ಬಗ್ಗಿದರೆ ಮೊಯ್ ಅಜ್ಜಿ ಕೈ ಹಿಡಿದಳು. "ಯಾರದ್ದೋ ಇದು?"

"ನಾನೇ ಹಾಕ್ದೆ ಅಜ್ಜಿ. ಬೆಳಕು ನೋಡೋಕೆ."

ಅಜ್ಜಿಯ ಮುಖ ಕಳೆಗುಂದಿತು. "ಈ ಸಾಲಿಗೆ ಹಾಕಿದ ಕುರ್ಚೀನ ಇವತ್ತು ತೆಗೆಯೋ ಹಾಗಿಲ್ಲ. ಕೂತಿರ್ತಾರೆ." ಅವಳೇ ಅದರ ಮುಂದೊಂದು ಊದುಬತ್ತಿ ಸಿಕ್ಕಿಸಿದಳು. "ಈ ವರ್ಷ ನಮ್ಮಲ್ಲಿ ಯಾರೂ ಹೋಗಿಲ್ಲ. ಯಾರಿಗಪ್ಪಾ ಕರೆ ಕಳ್ಸಿದೆ?"

ಕತ್ತಲಾದ ಮೇಲೆ ಸಿನಿಮಾ ಶುರುವಾಯಿತು. ಅಂಥ ಚಿತ್ರವನ್ನು ಆ ಬಂದರು ಕಂಡಿರಲಿಲ್ಲ. ಐಸ್ ಕಾರ್ಖಾನೆಯ ಗೋಡೆಗಳು ಕೂಡ ಅದರ ಬೆಳಕಿಗೆ ನೀಲಿಯಾದವು. ಕಾಂಗ್ ಬಿಯರ್ ಹಂಚುತ್ತ ಓಡಾಡಿದ. ಬೂನ್-ತೆಕ್ ಮಾತ್ರ ಸಿನಿಮಾ ನೋಡಲಿಲ್ಲ. ಆ ಕುರ್ಚಿ ನೆತ್ತಿಯೊಳಗೆ ಮೊಳೆ ಹೊಡೆದಂತೆ ಕೂತಿತ್ತು. ಖಿಮ್‌ಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಲಾರಿಯಿಂದ ಇಳಿದು ಕಟ್ಟೆಯ ತುದಿಗೆ ನಡೆದ.

ದೋಣಿಯ ಸದ್ದು ಕೇಳಿತು. ಮೊದಲು ಎದೆ ಹಗುರಾಯಿತು. ಆಮೇಲೆ ಗಮನಿಸಿದ: ಸದ್ದು ಬಂದರಿನ ಬಾಯಿಯ ಕಡೆ ಹೋಗುತ್ತಿಲ್ಲ. ನೇರ ಪರದೆಯತ್ತ, ಅಲೆ ತಡೆಯಲು ಸುರಿದ ಕಾಂಕ್ರೀಟ್ ಬಂಡೆಗಳ ಮೇಲೇ ಬರುತ್ತಿದೆ.

ಓಡಿದ. ಲಾರಿ ಹತ್ತಿ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಕಾಂಗ್ ಅಡ್ಡ ಬಂದ. "ಏ, ಅರ್ಧಕ್ಕೆ ನಿಲ್ಲಿಸಬಾರದು! ಅವ್ರು ಎದ್ದು ನಮ್ಮ ಹಿಂದೆ ಬರ್ತಾರೆ!"

"ಬರಲಿ!" ಎಂದು ಅವನನ್ನು ತಳ್ಳಿ ಆರಿಸಿದ.

ಬಂದರು ಬಾವಿಯಂತಾಯಿತು. ಅಷ್ಟು ಬೆಳಕು ಕಂಡ ಕಣ್ಣಿಗೆ ಹುಣ್ಣಿಮೆಯೂ ಕತ್ತಲೆಯೇ; ಯಾರಿಗೂ ತಮ್ಮ ಕೈ ತಮಗೆ ಕಾಣಲಿಲ್ಲ. ಆ ತಿಂಗಳು ಕತ್ತಲಲ್ಲಿ, ನೀರಿನ ಬಳಿ, ಬದುಕಿರುವವರ ಹೆಸರು ಕೂಗಬಾರದು, ಕೇಳಬಾರದವರು ಕೇಳಿಸಿಕೊಳ್ಳುತ್ತಾರೆ. ಬೂನ್-ತೆಕ್ ಗಂಟಲು ಹರಿಯುವಂತೆ ಕೂಗಿದ: "ಖಿಮ್! ಬಲಕ್ಕೆ ತಿರುಗಿಸ್ರೋ! ಖಿಮ್!"

ಇಂಜಿನ್ ಹಿಂದಕ್ಕೆ ಗರ್ಜಿಸಿತು. ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು, ಒಂದು ಕುಲುಕು. ಬಹಳ ಹೊತ್ತಿನ ಮೇಲೆ ಹಸಿರು, ಕೆಂಪು ದೀಪಗಳ ನಡುವೆ ದೋಣಿ ವಾಲಿಕೊಂಡು ಒಳಗೆ ಬಂತು.

ಮೊದಲು ಜಿಗಿದವನು ಖಿಮ್. ಬೂನ್-ತೆಕ್ ಅವನ ಕೆನ್ನೆ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದ. ಒದ್ದೆಯಾಗಿದ್ದ, ಬೆಚ್ಚಗಿದ್ದ. "ಬಂದ್ಯಲ್ಲೋ, ಬಂದ್ಯಲ್ಲ," ಎನ್ನುವುದಷ್ಟೇ ಬಾಯಿಗೆ ಬಂತು.

ಖಿಮ್ ಅಪ್ಪನ ಭುಜದಾಚೆ ಹುಡುಕುತ್ತಿದ್ದ. "ಅಪ್ಪಾ, ವಾರ್ಸಿತೋ ಈ ಕಡೆಯಿಂದ ಹತ್ತಿ ಬಂದ್ನಾ?"

ಬೂನ್-ತೆಕ್ ಬಂಡೆಗಳ ಕಡೆ ತಿರುಗಿದ.

"ಮುಂದ್ಗಡೆ ತುದೀಲಿ ನಿಂತಿದ್ದ. ಸಿನಿಮಾ ಕಾಣ್ತಿದೆ, ಕಾಣ್ತಿದೆ ಅಂತ ಕುಣೀತಿದ್ದ. ಆಮೇಲೆ ಕತ್ಲಾಯ್ತು. ದೋಣಿ ತಗುಲ್ತು." ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ಅವನಿಗೆ ಈಜು ಬರುತ್ತಪ್ಪಾ. ಬರುತ್ತೆ."

ಮೊಯ್ ಅಜ್ಜಿ ಮೀನು ಕೊಯ್ಯುವ ಚಾಕು ತೆಗೆದು ಪರದೆಯ ಹಗ್ಗಗಳನ್ನು ಕೊಯ್ಯತೊಡಗಿದಳು. "ನಿಂತ್ಕೊಂಡು ಏನ್ ನೋಡ್ತೀಯ?" ಎಂದು ಬೂನ್-ತೆಕ್‌ಗೆ ಕೂಗಿದಳು. "ಬೆಳಕು ಬಿಡು. ಇವತ್ತು ಬೇಕಿರೋದೇ ಅದು."

ಬಟ್ಟೆ ಕುಸಿಯಿತು. ಯಂತ್ರ ಹೊತ್ತಿತು, ನಿಂತಲ್ಲಿಂದಲೇ ಸಿನಿಮಾ ಮುಂದುವರಿಯಿತು. ತಡೆಯಲು ಪರದೆಯಿಲ್ಲದೆ ಬೆಳಕು ಬಂಡೆಗಳನ್ನು ದಾಟಿ ನೀರಿನ ಮೇಲೆ ಹರಡಿತು. ಜನ ಹಗ್ಗ, ಗಾಳಿ ತುಂಬಿದ ಟ್ಯೂಬು ಹಿಡಿದು ಬಂಡೆಗಳ ಮೇಲೆ ಇಳಿದರು. ಎರಡು ಸಣ್ಣ ದೋಣಿಗಳು ಹೊರಟವು. ಅಲೆಗಳ ಮೇಲೆ ಕುದುರೆಗಳು ಓಡಿದವು, ಕತ್ತಿಗಳು ಮುರಿದವು, ಯಾರದೋ ದೊಡ್ಡ ಮುಖ ಎದ್ದು ಬಿದ್ದು ಒಡೆದು ಹೋಯಿತು. ಪ್ರತಿ ಕಪ್ಪು ಚುಕ್ಕೆಗೂ ಖಿಮ್ "ಅದೋ! ಅದೋ!" ಎನ್ನುತ್ತಿದ್ದ.

ಬೂನ್-ತೆಕ್ ಲಾರಿಯ ಮೇಲೆ ನಿಂತು ಲೆನ್ಸನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸುತ್ತ ಹೋದ. ಎಷ್ಟೋ ದೂರದವರೆಗೂ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಪ್ರತಿ ಸಲ ಬೆಳಕು ಸಾಲನ್ನು ದಾಟುವಾಗ ತುದಿಯ ಕುರ್ಚಿಯ ನೆರಳು ಉದ್ದಕ್ಕೆ ಚಾಚಿ ಸಮುದ್ರದ ಮೇಲೆ ಬೀಳುತ್ತಿತ್ತು. ಮನೆಯಲ್ಲಿ ಹಂದಿ ಹಾಕದ ಶ್ಯಾವಿಗೆ ಮುಚ್ಚಿಟ್ಟ ಹಾಗೆಯೇ ಇತ್ತು.