ಮೂರನೇ ಕಿಟಕಿಯ ಅಂದಾಜು

ರೈಲಿನ ಮುಂಗಡ ಟಿಕೆಟ್ ಕೊಡುವ ಆ ಹಾಲ್‌ನಲ್ಲಿ ಕಿಟಕಿಗಳು ಐದಿದ್ದವು. ಜನ ಮಾತ್ರ ಮೂರನೆಯದರ ಮುಂದೆಯೇ ನಿಲ್ಲುತ್ತಿದ್ದರು. ಅಲ್ಲಿ ಕೂರುವ ಹೆಂಗಸಿಗೆ ಇಪ್ಪತ್ತೊಂದು ವರ್ಷದ ಸರ್ವಿಸು. ವೇಟಿಂಗ್ ಲಿಸ್ಟಿನ ಸಂಖ್ಯೆ ನೋಡಿ, ಒಂದು ಗಳಿಗೆ ಮೇಲಿನ ಫ್ಯಾನನ್ನು ದಿಟ್ಟಿಸಿ, "ಆಗತ್ತೆ, ಹೋಗಿ" ಅಂದಳೆಂದರೆ ಆಯಿತು. "ಬೇರೆ ಗಾಡಿ ನೋಡ್ಕೊಳ್ಳಿ" ಅಂದಳೋ, ಮಂತ್ರಿಯ ಚೀಟಿ ತಂದರೂ ಸೀಟಿಲ್ಲ. ಅವಳ ಹೆಸರು ಸಹೋದ್ಯೋಗಿಗಳಿಗೂ ಮರೆತ ಹಾಗಿತ್ತು. ಊಟದ ಕೋಣೆಯಲ್ಲೂ ಅವಳು ಮೂರನೇ ಕಿಟಕಿಯೇ.

ಹಾಗಾಗಿ ಮಗಳ ರ‍್ಯಾಂಕು ಬಂದ ದಿನ ಮನೆಯಲ್ಲಿ ಬೇರೆ ಯಾರ ಸಲಹೆಯನ್ನೂ ಕೇಳಲಿಲ್ಲ. ಹುಡುಗಿಗೆ ದನದ ಡಾಕ್ಟರಾಗಬೇಕು. ರ‍್ಯಾಂಕು ಸಾವಿರದ ನಾನೂರ ಹನ್ನೆರಡು. ಆ ಓದಿಗೆ ಇದ್ದದ್ದೇ ನಾಲ್ಕು ಕಾಲೇಜು, ಯಾವುದು ಮೇಲೆ ಯಾವುದು ಕೆಳಗೆ ಎಂದು ಆನ್‌ಲೈನ್ ಪಟ್ಟಿಯಲ್ಲಿ ತುಂಬಬೇಕಿತ್ತು. ತಾಯಿ ಹಳೇ ಟಿಕೆಟ್ ಫಾರಮ್ಮೊಂದರ ಹಿಂಬದಿಯಲ್ಲಿ ಕಳೆದ ನಾಲ್ಕು ವರ್ಷ ಒಂದೊಂದರಲ್ಲೂ ಸೀಟು ಸಿಕ್ಕ ಕೊನೆಯ ರ‍್ಯಾಂಕುಗಳನ್ನು ಬರೆದುಕೊಂಡಳು. ದೊಡ್ಡ ಕಾಲೇಜು ಯಾವತ್ತೂ ಒಂಬೈನೂರು ದಾಟಿದ್ದಿಲ್ಲ. ದನದ ಆಸ್ಪತ್ರೆಯೇ ಜೊತೆಗಿದ್ದ ಆಸ್ಪತ್ರೆ ಕಾಲೇಜು, ಮಗಳು ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರ ಅದರದ್ದೇ, ಎರಡು ವರ್ಷ ಸಾವಿರದ ನಾನೂರರ ಒಳಗೇ ಮುಗಿದಿತ್ತು, ಎರಡು ವರ್ಷ ಸಾವಿರದ ನಾನೂರ ಮೂವತ್ತರ ಆಚೆ ಹೋಗಿತ್ತು. ದೂರದೂರಿನ ಕಾಲೇಜಿಗೆ ಸಾವಿರದ ಏಳುನೂರಾದರೂ ನಡೆಯುತ್ತಿತ್ತು. ನಾಲ್ಕನೆಯದು ಮೊನ್ನೆ ಮೊನ್ನೆ ಶುರುವಾದದ್ದು, ತಗಡಿನ ಶೆಡ್ಡು. ಅಲ್ಲಿ ಸೀಟುಗಳೇ ಮಿಕ್ಕಿರುತ್ತಿದ್ದವು.

"ದೊಡ್ಡದು ಬಿಡು, ಅದು ಆಕಾಶದ ಮಲ್ಲಿಗೆ," ಅಂದಳು ತಾಯಿ.

"ಆಸ್ಪತ್ರೆ ಕಾಲೇಜು?"

ತಾಯಿ ಫ್ಯಾನ್ ಕಡೆ ನೋಡಲಿಲ್ಲ. "ಸಿಗಲ್ಲ," ಅಂದಳು.

ಆಮೇಲೆ, ಇಪ್ಪತ್ತೊಂದು ವರ್ಷ ಜನಕ್ಕೆ ಹೇಳಿಕೊಂಡು ಬಂದದ್ದನ್ನೇ ಮಗಳಿಗೂ ಹೇಳಿದಳು: "ಮೊದಲು ಕೈಯಲ್ಲೊಂದು ಟಿಕೆಟ್ ಇರ್ಲಿ ಕಣೇ. ಒಳ್ಳೇದನ್ನ ಆಮೇಲೆ ನೋಡ್ಕೊಳ್ಳೋಣ. ಶೆಡ್ಡು ಕಾಲೇಜು ಮೇಲೆ ಹಾಕು, ಅದರ ಕೆಳಗೆ ದೂರದೂರು, ಆಮೇಲೆ ಉಳಿದವು."

"ಅದು ಹಾಗಲ್ಲ ಅಮ್ಮ..."

"ಹಾಗಲ್ಲ ಹೀಗಲ್ಲ ಅಂತ ಒಂದು ವರ್ಷ ಮನೇಲಿ ಕೂತ್ರೆ ಯಾರು ಹೊಣೆ?"

ಮಗಳು ತಾಯಿ ಹೇಳಿದ ಕ್ರಮದಲ್ಲೇ ಪಟ್ಟಿ ತುಂಬಿದಳು. ತಾಯಿಯ ಫೋನಿಗೆ ಬಂದ ಓಟಿಪಿ ಹಾಕಿದಳು, ಸೇವ್ ಮಾಡಿದಳು, ರಾತ್ರಿ ಊಟಕ್ಕೆ ಹಸಿವಿಲ್ಲವೆಂದಳು. ಪಟ್ಟಿ ತಿದ್ದಲು ಮರುದಿನ ಸಂಜೆ ಐದರವರೆಗೆ ಸಮಯವಿತ್ತು. ತಿದ್ದುವುದಕ್ಕೇನೂ ಇಲ್ಲವೆಂದುಕೊಂಡು ತಾಯಿ ಬೆಳಗ್ಗೆ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಕಳೆದು ನಾಲ್ಕರ ಸುಮಾರಿಗೆ ಕೊಡೆ ಹಿಡಿದ ಮುದುಕರೊಬ್ಬರು ಫಾರಮ್ಮು ಒಳಗೆ ತೂರಿಸಿದರು. ಅಕ್ಷರ ಮುತ್ತಿನ ಹಾಗಿತ್ತು. ಮೂರು ಗಾಡಿಗಳ ಹೆಸರು, ಒಂದರ ಕೆಳಗೊಂದು. ಅವಳ ಬೆರಳು ಅಭ್ಯಾಸದಂತೆ ಮೇಲಿನದಕ್ಕೆ ಹೋಯಿತು. ಕಂಡ ಕಂಡಲ್ಲಿ ನಿಲ್ಲುವ ಗಾಡಿ, ಸೀಟುಗಳು ಬೇಕಾದಷ್ಟಿದ್ದವು. ಟಿಕೆಟ್ ಮುದ್ರಿಸಿ ಹೊರಗೆ ತಳ್ಳಿದಳು.

ಮುದುಕರು ಟಿಕೆಟನ್ನು ಕಣ್ಣಿಗೆ ಹತ್ತಿರ ಹಿಡಿದರು. "ಏನಮ್ಮ, ಎರಡನೇ ಗಾಡೀಲಿ ಜಾಗ ಇರ್ಲಿಲ್ವಾ? ಅದು ಬೇಗ ಹೋಗತ್ತೆ ಅಲ್ವಾ?"

"ಇತ್ತೋ ಏನೋ, ನಾನು ನೋಡ್ಲಿಲ್ಲ."

"ನೋಡ್ಲಿಲ್ವಾ?"

"ನೀವೇ ಇದನ್ನ ಮೇಲೆ ಬರೆದಿದ್ದೀರಿ, ಯಜಮಾನ್ರೇ. ಮೇಲಿಂದು ಸಿಕ್ಕಿದ ಮೇಲೆ ಕೆಳಗಿಂದು ಯಾಕೆ ನೋಡ್ಲಿ?"

"ಇದು ಹೇಗೂ ಸಿಗತ್ತೆ ಅಂತ ಮೇಲೆ ಹಾಕ್ದೆ," ಅಂದರು ಮುದುಕರು.

ಅವಳಿಗೆ ಮಗಳ ಪಟ್ಟಿ ನೆನಪಾಯಿತು. ಸೀಟು ಹಂಚುವವರೂ ಮೇಲಿನಿಂದಲೇ ನೋಡುತ್ತಾರೆ. ಶೆಡ್ಡು ಕಾಲೇಜಿನಲ್ಲಿ ಸೀಟಿದೆ, ಮಗಳ ಹೆಸರು ಅಲ್ಲಿ ಬೀಳುತ್ತದೆ, ಕೆಳಗಿನ ಮೂರು ಸಾಲನ್ನು ಯಾರೂ ಓದುವುದಿಲ್ಲ. ಹುಡುಗಿ 'ಹಾಗಲ್ಲ ಅಮ್ಮ' ಅಂದದ್ದು ಇದನ್ನೇ.

ಅವಳು ಮುದುಕರ ಟಿಕೆಟ್ ವಾಪಸ್ ತೆಗೆದುಕೊಂಡು ಎರಡನೇ ಗಾಡಿಗೆ ಬದಲಾಯಿಸಿ ಕೊಟ್ಟಳು. ಆಮೇಲೆ 'ಮುಚ್ಚಿದೆ' ಎಂಬ ಹಲಗೆಯನ್ನು ಕಿಟಕಿಗೆ ನಿಲ್ಲಿಸಿದಳು. ಹದಿನಾಲ್ಕು ಜನರ ಸಾಲು ಒಟ್ಟಿಗೆ ಗೊಣಗಿತು.

"ಏನಮ್ಮಾ, ಹೊಟ್ಟೆನೋವಾ?" ಪಕ್ಕದಿಂದ ಎರಡನೇ ಕಿಟಕಿಯ ಹಿರಿಯರು ಕತ್ತು ಚಾಚಿದರು.

"ಇಲ್ಲ ಅಣ್ಣ, ತಲೆ ಕೆಟ್ಟಿತ್ತು, ಈಗ ಸರಿಹೋಯ್ತು. ಇವರನ್ನ ಸ್ವಲ್ಪ ನೋಡ್ಕೊಳ್ಳಿ."

"ನನ್ನ ಮಾತು ಇವರು ನಂಬಲ್ಲ ಕಣಮ್ಮ. ಟಿಕೆಟ್ ಕೊಟ್ರೂ ನಿನ್ನನ್ನ ಕೇಳ್ಕೊಂಡು ಬರ್ತೀವಿ ಅಂತಾರೆ."

ಅವಳಾಗಲೇ ಹಳೇ ಫಾರಮ್ಮುಗಳನ್ನು ಪೇರಿಸಿಟ್ಟಿದ್ದ ಹಿಂದಿನ ಕೋಣೆ ಸೇರಿದ್ದಳು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಮೊದಲ ಸಲ ಫೋನು ಸುಮ್ಮನೆ ಬಡಿದುಕೊಂಡು ನಿಂತಿತು. ಎರಡನೇ ಸಲಕ್ಕೆ ಮಗಳು ಎತ್ತಿದಳು.

"ಪಟ್ಟಿ ತೆಗಿಯೇ. ತಲೆಕೆಳಗು ಮಾಡಿಸಿಬಿಟ್ಟಿದ್ದೀನಿ ನಾನು."

"ಗೊತ್ತು."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲೇ. ಜಗಳ ಆಡೋಕೇನಾಗಿತ್ತು? ಬೇರೆ ಎಲ್ಲದಕ್ಕೂ ಆಡ್ತೀಯ."

ಮಗಳು ಒಂದೊಂದೇ ಮಾತು ಆರಿಸಿ ಇಟ್ಟ ಹಾಗೆ ಹೇಳಿದಳು. "ಊರಿಗೆಲ್ಲ ನಿನ್ನ ಅಂದಾಜು ತಪ್ಪಲ್ಲ. ನೀನು ಸಿಗಲ್ಲ ಅಂದೆ. ನನ್ನ ಯೋಗ್ಯತೆ ಅಷ್ಟೇ ಅಂತ ಅಮ್ಮನಿಗೂ ಅನ್ಸಿದ್ರೆ, ಯಾವ ಸಾಲಲ್ಲಿ ಏನಿದ್ರೇನು ಅನ್ಕೊಂಡೆ."

ತಾಯಿ ಫಾರಮ್ಮುಗಳ ಕಟ್ಟಿನ ಮೇಲೆ ಕುಕ್ಕರಿಸಿದಳು.

"ಮೊದಲು ದೊಡ್ಡದು ಹಾಕು," ಅಂದಳು.

"ಅದು ಆಕಾಶದ ಮಲ್ಲಿಗೆ ಅಂದ್ಯಲ್ಲ."

"ಮಲ್ಲಿಗೇನೇ. ಆದ್ರೂ ಬರೆದ್ರೆ ಏನೂ ನಷ್ಟ ಇಲ್ಲ ಅಂತ ಈಗ ಗೊತ್ತಾಯ್ತು. ಎರಡನೇದು ನಿನ್ನ ಆಸ್ಪತ್ರೆ. ಮೂರನೇದು ದೂರದೂರು, ಅಲ್ಲಿ ಹಾಸ್ಟೆಲ್ ಇದೆ. ಶೆಡ್ಡು ತೆಗೆದುಬಿಡೋಣ್ವಾ?"

"ಬೇಡ, ಕೊನೇಲಿರ್ಲಿ. ಅಲ್ಲಿ ಓದ್ತಿರೋ ಹುಡುಗಿ ಹತ್ರ ಬೆಳಗ್ಗೆ ಮಾತಾಡ್ದೆ. ಮೇಷ್ಟ್ರು ಕಮ್ಮಿ ಅಂತೆ, ಮಳೆ ಬಂದ್ರೆ ಪಾಠಾನೇ ಕೇಳ್ಸಲ್ವಂತೆ. ಆದ್ರೆ ಮೊದಲ ವರ್ಷದಿಂದ್ಲೇ ಹಸು ಮುಟ್ಟೋಕೆ ಬಿಡ್ತಾರಂತೆ. ಏನೂ ಸಿಗದಿದ್ರೆ ಅಲ್ಲಿಗೇ ಹೋಗ್ತೀನಿ."

"ಮನಸ್ಸಿಂದ ಹೇಳ್ತಿದ್ದೀಯಾ?"

"ನಿನ್ನೆ ಕೇಳಿದ್ರೆ ಇಲ್ಲ ಅಂತಿದ್ದೆ. ನಿನ್ನೆ ಅದು ಮೇಲಿತ್ತು."

ಕೀಲಿಗಳ ಟಕಟಕ ಕೇಳಿಸಿತು. ನಾಲ್ಕೂ ನಲವತ್ತಕ್ಕೆ ತಾಯಿಯ ಫೋನು ನಡುಗಿ ಓಟಿಪಿ ಬಂತು. ಅವಳು ಓದಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಕೇಳಿದಳು.

"ಅಮ್ಮ, ಆಸ್ಪತ್ರೆ ಕಾಲೇಜು ಸಿಗತ್ತಾ? ಕಿಟಕಿ ಹೊರಗೆ ನಿಂತೋರಿಗೆ ಹೇಳೋ ಹಾಗೆ ಹೇಳು."

ತಾಯಿ ತಲೆಯೆತ್ತಿದಳು. ಆ ಕೋಣೆಯಲ್ಲಿ ಫ್ಯಾನಿರಲಿಲ್ಲ, ಬಲ್ಬು ನೇತಾಡುತ್ತಿತ್ತು. ಅದನ್ನೇ ದಿಟ್ಟಿಸಿದಳು. ಎರಡು ವರ್ಷ ಒಳಗೆ, ಎರಡು ವರ್ಷ ಹೊರಗೆ.

"ಅರ್ಧ," ಅಂದಳು.

"ಅರ್ಧಾನಾ? ನಿನ್ನೆ ಸಿಗಲ್ಲ ಅಂದಿದ್ದೆ."

"ನಿನ್ನೆ ಹೆದರಿ ಹೇಳಿದ್ದು. ನೀನು ಆಸೆ ಇಟ್ಕೊಂಡು, ಸಿಗದೆ ಅಳೋದನ್ನ ನೋಡೋಕೆ ನನ್ನಿಂದಾಗಲ್ಲ ಅನ್ನಿಸ್ತು. ಲೆಕ್ಕದ ಪ್ರಕಾರ ಅರ್ಧ ಕಣೇ. ಒಂದು ಕೂದಲೂ ಜಾಸ್ತಿ ಇಲ್ಲ, ಕಮ್ಮಿ ಇಲ್ಲ."

ಮಗಳು ಮೂಗು ಸೆಳೆದುಕೊಂಡ ಸದ್ದು ಬಂತು. ಅಳುವೋ ನಗುವೋ ಫೋನಿನಲ್ಲಿ ತಿಳಿಯಲಿಲ್ಲ.

"ಅರ್ಧ ಅಂದ್ರೆ ತುಂಬಾ ಆಯ್ತಲ್ಲಮ್ಮ," ಅಂದಳು. "ಹೂಂ, ಓಟಿಪಿ ಹೇಳು."

ತಾಯಿ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿದಳು. ತಪ್ಪಾಗಬಾರದೆಂದು ಇನ್ನೊಮ್ಮೆ ಓದಿದಳು.